ವಿಶ್ವವಿದ್ಯಾಲಯದ ಅಂಗಳಕ್ಕೆ ಸೂರ್ಯನ ದೀಪ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವ ಶಿಕ್ಷಕಿ. ಉರ್ದು ಪೀರಿಯಡ್ಡಿನಲ್ಲಿ ‘ಚಿರಾಗ್ ತಲೇ ಅಂಧೇರಾ’ ಎಂಬ ಗಾದೆಯನ್ನು ಹೇಳಿಕೊಟ್ಟು, ಮುಂದಿನ ಕನ್ನಡ ಪೀರಿಯಡ್ಡಿನಲ್ಲಿ ‘ದೀಪದ ಬುಡದಲ್ಲಿ ಕತ್ತಲೆ’ ಎಂದು ಬರೆಸುತ್ತೇನೆ. ಮಕ್ಕಳು ನಗುತ್ತಾರೆ. ಎರಡು ಭಾಷೆ, ಒಂದೇ ಗಾದೆ. ಈ ದಿನ ನಾನು ಆ ಗಾದೆಯನ್ನೇ ಹಿಡಿದುಕೊಂಡು ನಾಲ್ಕು ಮಾತು ಆಡಬೇಕೆಂದಿದ್ದೇನೆ. ವಿಶ್ವವಿದ್ಯಾಲಯವನ್ನು ನಾವು ಜ್ಞಾನದ ದೀಪ ಎನ್ನುತ್ತೇವೆ. ಆ ದೀಪದ ಬುಡದಲ್ಲಿ ಸಂಜೆ ಏಳರ ನಂತರ ಎಷ್ಟು ಕತ್ತಲೆ ಇದೆ, ಆ ಕತ್ತಲೆಯಿಂದ ನಮ್ಮ ಮಕ್ಕಳು ಏನನ್ನು ಕಳೆದುಕೊಳ್ಳುತ್ತಿದ್ದಾರೆ, ಅದನ್ನು ಸೂರ್ಯನ ಶಕ್ತಿಯಿಂದಲೇ ಹೇಗೆ ಓಡಿಸಬಹುದು ಎಂಬುದು ನನ್ನ ವಿಷಯ.

ಒಂದು ಪ್ರಶ್ನೆ

ಮೊದಲು ಒಂದು ಘಟನೆ. ಹೆಸರು ಬೇಡ, ಊರೂ ಬೇಡ. ನನ್ನ ಹತ್ತಿರ ಹತ್ತನೇ ತರಗತಿವರೆಗೆ ಓದಿದ ಹುಡುಗಿ ಒಬ್ಬಳು. ತಂದೆ ರೇಷ್ಮೆ ನೂಲು ಬಿಚ್ಚುವ ಕೆಲಸದವರು. ಬೆಳಿಗ್ಗೆ ಗೂಡು ಮಾರುಕಟ್ಟೆ, ಮಧ್ಯಾಹ್ನ ಬಿಸಿನೀರಿನ ಬಾನಿ, ರಾತ್ರಿ ಸಾಲದ ಲೆಕ್ಕ. ಆ ಮನೆಯಲ್ಲಿ ಅವಳೇ ಮೊದಲ ಪದವೀಧರೆ. ಎಂ.ಎಸ್ಸಿ.ಗೆ ಸೀಟು ಸಿಕ್ಕಿದಾಗ ತಂದೆ ನಮ್ಮ ಶಾಲೆಗೇ ಬಂದು ಸಿಹಿ ಹಂಚಿದರು. ಎಂಟು ತಿಂಗಳಾದ ಮೇಲೆ ಅವಳು ಓದು ಬಿಟ್ಟಳೆಂದು ತಿಳಿಯಿತು. ನಾನು ಮನೆಗೆ ಹೋದೆ. ಫೀಸಿನ ತೊಂದರೆ ಇರಬೇಕು, ಇಲ್ಲವೇ ಮದುವೆ ಮಾತು ಬಂದಿರಬೇಕು ಎಂದುಕೊಂಡಿದ್ದೆ. ಎರಡೂ ಆಗಿರಲಿಲ್ಲ.

ಪ್ರಯೋಗಾಲಯ ಮುಗಿಯುವುದು ಆರೂವರೆಗೆ. ಲೈಬ್ರರಿಯಲ್ಲಿ ಒಂದು ಗಂಟೆ ಕೂತರೆ ಏಳೂವರೆ. ಅಲ್ಲಿಂದ ಬಸ್ ನಿಲ್ದಾಣಕ್ಕೆ ಮರಗಳ ನಡುವಿನ ದಾರಿ. ಕಂಬಗಳಿದ್ದವು, ದೀಪ ಉರಿಯುತ್ತಿರಲಿಲ್ಲ. ಒಂದು ಸಂಜೆ ಯಾರೋ ಇಬ್ಬರು ಬೈಕಿನಲ್ಲಿ ಹಿಂಬಾಲಿಸಿದರು. ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಮಗಳು ಅಳುತ್ತ ಬಂದದ್ದನ್ನು ಅವರು ನೋಡಿದರು. ನಾನು ತಾಲೀಮಿನ ಮಹತ್ವದ ಬಗ್ಗೆ ನನಗೆ ಬರುವ ಮಾತನ್ನೆಲ್ಲ ಆಡಿದೆ. ಅವರು ತಾಳ್ಮೆಯಿಂದ ಕೇಳಿ, ಕೊನೆಗೆ ಇಷ್ಟೇ ಕೇಳಿದರು: “ಆಪಾ, ನೀವು ಹೇಳುವುದೆಲ್ಲ ಸರಿ. ಆ ದಾರಿಯಲ್ಲಿ ಈಗ ದೀಪ ಉರಿಯುತ್ತದೆಯಾ?”

ನನ್ನಲ್ಲಿ ಉತ್ತರ ಇರಲಿಲ್ಲ. ಅವರನ್ನು ಹಿಂದುಳಿದವರು, ಹೆಣ್ಣುಮಕ್ಕಳ ಓದಿಗೆ ವಿರೋಧಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವರು ಕೇಳಿದ್ದು ಒಬ್ಬ ತಂದೆ ಕೇಳಬೇಕಾದ ಪ್ರಶ್ನೆಯನ್ನೇ. ಈ ಭಾಷಣ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಗಡಿಯಾರ ನೋಡಿ, ಸೂರ್ಯನನ್ನು ನೋಡಿ

ನಮ್ಮ ಮಸೀದಿಗಳ ಗೋಡೆಯ ಮೇಲಿರುವ ನಮಾಜಿನ ವೇಳಾಪಟ್ಟಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಅದು ಸೂರ್ಯನ ಲೆಕ್ಕ. ನಮ್ಮ ಭಾಗದಲ್ಲಿ ನವೆಂಬರಿನಲ್ಲಿ ಮಗ್ರಿಬ್ ಆರು ಗಂಟೆಗೂ ಮೊದಲೇ ಬರುತ್ತದೆ. ಜುಲೈಯಲ್ಲಿ ತಡವೆಂದರೂ ಏಳಕ್ಕೆ ಸುಮಾರು ಹತ್ತು ನಿಮಿಷ ಇರುವಾಗ. ಅಂದರೆ ವರ್ಷದ 365 ದಿನಗಳಲ್ಲಿ ಯಾವ ದಿನವೂ ಏಳೂವರೆಗೆ ಲೈಬ್ರರಿಯಿಂದ ಹೊರಬರುವ ವಿದ್ಯಾರ್ಥಿಗೆ ಆಕಾಶದಲ್ಲಿ ಬೆಳಕು ಸಿಗುವುದಿಲ್ಲ. ಸಂಜೆಯ ನಂತರ ಬಾಗಿಲು ತೆರೆದಿರುವ ಲೈಬ್ರರಿಗೆ ದಾರಿದೀಪವೂ ಬೇಕು. ದೀಪವಿಲ್ಲದಿದ್ದರೆ ಆ ಲೈಬ್ರರಿ ಧೈರ್ಯ ಇದ್ದವರಿಗೆ, ಬೈಕು ಇದ್ದವರಿಗೆ ಮಾತ್ರ ತೆರೆದಿರುತ್ತದೆ.

2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಲೆಕ್ಕ ಇನ್ನೂ ಬಿಗಿ. ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ರೈಲು ಮಾರ್ಗವಿದೆ. ಒಂದು ದಿಕ್ಕಿಗೆ ಹೋದರೆ ಜ್ಞಾನಭಾರತಿ, ಇನ್ನೊಂದು ದಿಕ್ಕಿಗೆ ಹೋದರೆ ಮಾನಸಗಂಗೋತ್ರಿ. ಕನಕಪುರ, ಮಾಗಡಿಯವರಿಗೆ ರೈಲಿಲ್ಲ, ಬಸ್ಸೇ ಗತಿ. ರೈಲಿಗಾಗಲಿ ಬಸ್ಸಿಗಾಗಲಿ ಓಡಬೇಕಾದ ಹುಡುಗಿ ಕತ್ತಲಾದ ಮೇಲೆ ದೊಡ್ಡ ಆವರಣವೊಂದನ್ನು ದಾಟಲೇಬೇಕು. ಜ್ಞಾನಭಾರತಿಯ ಆವರಣ ಸಾವಿರ ಎಕರೆಗೂ ಹೆಚ್ಚು. ಮಾನಸಗಂಗೋತ್ರಿ ಏಳುನೂರು ಎಕರೆಗೂ ಹೆಚ್ಚು. ಹಗಲಲ್ಲಿ ಕಣ್ಣಿಗೆ ತಂಪು ಕೊಡುವ ಮರಗಳೇ ರಾತ್ರಿ ಹೊತ್ತು ಮಗುವಿಗೆ ಭಯ ಹುಟ್ಟಿಸುತ್ತವೆ.

ದೀಪ ಹಚ್ಚುವುದೋ, ಬಾಗಿಲು ಮುಚ್ಚುವುದೋ

2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದದ್ದು ತಮಗೆ ನೆನಪಿರಬಹುದು. ಇಡೀ ರಾಜ್ಯ ತಲೆತಗ್ಗಿಸಿತು. ಅದರ ಬೆನ್ನಿಗೇ ಮೈಸೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿತು. ಸಂಜೆ 6.30ರ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಆವರಣಕ್ಕೆ ಹೋಗಬಾರದು ಎಂದು ಅದರಲ್ಲಿತ್ತು. ವಿದ್ಯಾರ್ಥಿಗಳೂ ಸಾರ್ವಜನಿಕರೂ ಇದನ್ನು ಪ್ರಶ್ನಿಸಿದರು. ತಪ್ಪು ಮಾಡುವವರನ್ನು ಬಿಟ್ಟು ಹೆಣ್ಣುಮಕ್ಕಳ ಕಾಲಿಗೆ ಕಟ್ಟುಹಾಕುವುದು ಯಾವ ನ್ಯಾಯ ಎಂದರು. ಸುತ್ತೋಲೆಯನ್ನು ಹಿಂತೆಗೆದುಕೊಳ್ಳಲಾಯಿತು.

ಸುತ್ತೋಲೆ ಹೊರಡಿಸಿದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಭಯ ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಬಾಗಿಲು ಮುಚ್ಚುವುದೇ. ನಮ್ಮ ಮೊಹಲ್ಲಾಗಳಲ್ಲಿ ಅಬ್ಬಾ ಮಾಡುವುದೂ ಅದನ್ನೇ, ಅಣ್ಣ ಮಾಡುವುದೂ ಅದನ್ನೇ, ಹಾಸ್ಟೆಲ್ ವಾರ್ಡನ್ ಮಾಡುವುದೂ ಅದನ್ನೇ. ಆದರೆ ಬಾಗಿಲು ಮುಚ್ಚಿದಾಗ ನಷ್ಟವಾಗುವುದು ಯಾರಿಗೆ? ಕತ್ತಲಲ್ಲಿ ಹೊಂಚು ಹಾಕುವವನಿಗೆ ಏನೂ ನಷ್ಟವಿಲ್ಲ. ಓದುವವಳಿಗೆ ಲೈಬ್ರರಿ ಹೋಯಿತು, ಪ್ರಯೋಗಾಲಯ ಹೋಯಿತು, ಕೊನೆಗೆ ಪದವಿಯೇ ಹೋಯಿತು.

ವಿಶ್ವವಿದ್ಯಾಲಯ ಅನುದಾನ ಆಯೋಗ 2013ರಲ್ಲಿ ‘ಸಕ್ಷಮ್’ ಎಂಬ ವರದಿಯನ್ನು ಪ್ರಕಟಿಸಿತು. ಕಾಲೇಜು ಆವರಣಗಳಲ್ಲಿ ಮಹಿಳೆಯರ ಸುರಕ್ಷತೆ ಕುರಿತ ವರದಿ ಅದು. ಸುರಕ್ಷತೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಸ್ವಾತಂತ್ರ್ಯವನ್ನು ಮೊಟಕುಗೊಳಿಸಬಾರದು, ಬದಲಿಗೆ ಸಾಕಷ್ಟು ಬೆಳಕು, ಸಾರಿಗೆ, ತರಬೇತಿ ಪಡೆದ ಕಾವಲು ಸಿಬ್ಬಂದಿ ಇರಬೇಕು ಎಂಬುದು ಅದರ ತಿರುಳು. ಬೆಳಕು ಅಲಂಕಾರವಲ್ಲ, ಮೂಲ ಸೌಕರ್ಯ ಎಂಬುದನ್ನು ಆಯೋಗವೇ ಒಪ್ಪಿಕೊಂಡಿದೆ.

ಬೆಳಕಿನಿಂದ ನಿಜವಾಗಿಯೂ ಪ್ರಯೋಜನ ಉಂಟೇ ಎಂದು ಕೇಳುವವರಿದ್ದಾರೆ. 2016ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಸರ್ಕಾರಿ ವಸತಿ ಬಡಾವಣೆಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ಅಲ್ಲಿ ಹೆಚ್ಚುವರಿ ದೀಪಗಳನ್ನು ನಿಲ್ಲಿಸಿದರು, ಉಳಿದವನ್ನು ಹಾಗೆಯೇ ಬಿಟ್ಟರು. ದೀಪ ಇಟ್ಟ ಕಡೆ ರಾತ್ರಿ ಹೊತ್ತು ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಮೂರನೇ ಒಂದು ಭಾಗದಷ್ಟು ಇಳಿದವು. ದೀಪ ಒಂದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ ನಿಜ. ದೀಪದ ಕೆಳಗೆ ಓಡಾಡುವ ಜನ ಬೇಕು, ಕಾವಲುಗಾರ ಬೇಕು, ಸಮಯಕ್ಕೆ ಸರಿಯಾಗಿ ಬರುವ ಬಸ್ಸು ಬೇಕು. ಆದರೆ ಬೆಳಕಿದ್ದರೆ ತಾನೇ ಜನ ಓಡಾಡುವುದು?

ನಮ್ಮ ಹಿರಿಯರ ದೀಪಗಳು

ನಮ್ಮ ಪರಂಪರೆಯಲ್ಲಿ ಬೆಳಕಿಗೆ ದೊಡ್ಡ ಸ್ಥಾನವಿದೆ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ‘ನೂರ್’, ಇನ್ನೊಂದರ ಹೆಸರು ‘ಶಮ್ಸ್’. ಒಂದು ಬೆಳಕು, ಇನ್ನೊಂದು ಸೂರ್ಯ. ಮಸೀದಿಯಲ್ಲಿ ಮೊದಲು ದೀಪ ಹಚ್ಚಿದವರು ಹಜ್ರತ್ ತಮೀಮ್ ದಾರಿ ಎಂಬ ಸಹಾಬಿ ಎಂದು ಹದೀಸ್ ಸಂಗ್ರಹದಲ್ಲಿ ಬಂದಿದೆ. ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದನ್ನೂ ಈಮಾನಿನ ಭಾಗವೆಂದು ನಮಗೆ ಕಲಿಸಲಾಗಿದೆ. ದಾರಿಯ ಮುಳ್ಳು ತೆಗೆಯುವುದು ಈಮಾನಾದರೆ, ಆ ಮುಳ್ಳು ಕಾಣುವಂತೆ ದೀಪ ಇಡುವುದೂ ಈಮಾನೇ ಅಲ್ಲವೇ?

ಬೆಳಕು ಎಂದರೇನು, ಕಣ್ಣು ಹೇಗೆ ನೋಡುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆ ಪ್ರಯೋಗ ಮಾಡಿ ಬರೆದವರು ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್ ಹೈಥಮ್. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಹಿಂದಿನ ಅನೇಕ ವಿದ್ವಾಂಸರು ನಂಬಿದ್ದರು. ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರಿದಾಗ ನಾವು ನೋಡುತ್ತೇವೆ ಎಂದು ತಮ್ಮ ‘ಕಿತಾಬ್ ಅಲ್ ಮನಾಜಿರ್’ ಗ್ರಂಥದಲ್ಲಿ ತೋರಿಸಿಕೊಟ್ಟವರು ಅವರು. ಆ ಪರಂಪರೆಯ ಮಕ್ಕಳು ನಾವು. ಕತ್ತಲೆಯನ್ನು ಹಣೆಬರಹ ಎಂದು ಒಪ್ಪಿಕೊಳ್ಳುವುದು ನಮಗೆ ಶೋಭಿಸುವುದಿಲ್ಲ.

ನಮ್ಮ ನಾಡಿನ ಕಥೆಯನ್ನೂ ಕೇಳಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿತು. ಅದು ಅಂದು ಕಾನಕಾನಹಳ್ಳಿ ಎನ್ನುತ್ತಿದ್ದ ನಮ್ಮ ಕನಕಪುರದ ಮಾರ್ಗವಾಗಿ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ಬೆಳಕು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ನಮ್ಮ ಹಳ್ಳಿಗಳ ಅಜ್ಜಿಯಂದಿರು ಆಮೇಲೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಅಡುಗೆ ಮಾಡಿದರು.

ಅದೇ 1905ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಬೆಳಕು ಲೋಹದ ಮೇಲೆ ಬಿದ್ದಾಗ ಎಲೆಕ್ಟ್ರಾನು ಹೊರಬರುವುದು ಏಕೆ ಎಂಬುದನ್ನು ಐನ್‌ಸ್ಟೈನ್ ವಿವರಿಸಿದರು. ಅದೇ ಕೆಲಸಕ್ಕೆ ಅವರಿಗೆ 1921ರ ನೊಬೆಲ್ ಪ್ರಶಸ್ತಿ ಬಂತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿಲಿಕಾನ್ ಸೌರಕೋಶ ತಯಾರಾಯಿತು. ಅದು ಬಿದ್ದ ಬಿಸಿಲಿನಲ್ಲಿ ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ತಾಗಿ ಮಾಡುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಒಳ್ಳೆಯ ಫಲಕ ಶೇಕಡಾ 20ಕ್ಕೂ ಹೆಚ್ಚು ಮಾಡುತ್ತದೆ. ನಮ್ಮ ನೆರೆಯ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಎದ್ದು ನಿಂತಿದೆ. ಬರಗಾಲದ ಭೂಮಿ ಬಿಸಿಲಿನ ಬೆಳೆ ಬೆಳೆಯುತ್ತಿದೆ. ಬಿಸಿಲು ಮಾತ್ರ ಯಾರ ತಲೆಯ ಮೇಲೂ ಸುಮ್ಮನೆ ಹಾದುಹೋಗುವುದಿಲ್ಲ. ಹಿಡಿದುಕೊಳ್ಳುವವರು ಬೇಕು ಅಷ್ಟೇ.

ಸೋಲಾರ್ ಬೀದಿದೀಪದ ಲೆಕ್ಕ

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ಗಮನವಿಡಿ. ಇದು ನಿಮ್ಮ ಎಂಟನೇ ತರಗತಿಯ ಗಣಿತವೇ.

ಒಂದು ಸೋಲಾರ್ ಬೀದಿದೀಪದಲ್ಲಿ ಐದು ಭಾಗಗಳಿವೆ: ಫಲಕ, ಬ್ಯಾಟರಿ, ನಿಯಂತ್ರಕ, ಎಲ್‌ಇಡಿ ದೀಪ ಮತ್ತು ಕಂಬ. ಹಗಲು ಫಲಕ ಬ್ಯಾಟರಿಯನ್ನು ತುಂಬುತ್ತದೆ. ಸಂಜೆ ಬಿಸಿಲು ಇಳಿದಂತೆ ಫಲಕದ ವೋಲ್ಟೇಜ್ ಇಳಿಯುತ್ತದೆ. ನಿಯಂತ್ರಕ ಅದನ್ನು ಗುರುತಿಸಿ ದೀಪ ಹಚ್ಚುತ್ತದೆ, ಬೆಳಿಗ್ಗೆ ಆರಿಸುತ್ತದೆ. ಸ್ವಿಚ್ ಹಾಕುವವನು ರಜೆ ಹೋದ ಎಂಬ ಮಾತೇ ಇಲ್ಲ.

12 ವ್ಯಾಟಿನ ದೀಪ 12 ಗಂಟೆ ಉರಿದರೆ 144 ವ್ಯಾಟ್-ಗಂಟೆ ಖರ್ಚು. ದಾರಿಯಲ್ಲಿ ಆಗುವ ನಷ್ಟ ಸೇರಿಸಿ 200 ಎಂದು ಇಟ್ಟುಕೊಳ್ಳಿ. ನಮ್ಮ ಭಾಗದಲ್ಲಿ ಸರಾಸರಿ ದಿನಕ್ಕೆ 5 ಗಂಟೆಯಷ್ಟು ಪೂರ್ಣ ಬಿಸಿಲಿನ ಲೆಕ್ಕ ಸಿಗುತ್ತದೆ. ಹಾಗಾದರೆ 40 ವ್ಯಾಟಿನ ಫಲಕ ಸಾಕೆನಿಸುತ್ತದೆ. ಆದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮೋಡಗಳನ್ನು ನೆನೆದರೆ 75 ವ್ಯಾಟಿನದು ಹಾಕುವುದೇ ಕ್ಷೇಮ. ಬ್ಯಾಟರಿ 12.8 ವೋಲ್ಟ್, 30 ಆಂಪಿಯರ್-ಗಂಟೆ ಇದ್ದರೆ ಒಟ್ಟು 384 ವ್ಯಾಟ್-ಗಂಟೆ. ಅದರಲ್ಲಿ ಶೇಕಡಾ 80ನ್ನು ಬಳಸಿದರೆ 307. ಅಂದರೆ ಬಿಸಿಲೇ ಬಾರದಿದ್ದರೂ ಎರಡು ರಾತ್ರಿ ದೀಪ ಉರಿಯುತ್ತದೆ.

ಇದನ್ನೇ ಮೂರು ರಾತ್ರಿ ಮಾಡಬಹುದು. ಸಂಜೆ 6ರಿಂದ 11ರವರೆಗೆ ಪೂರ್ತಿ ಬೆಳಕು, ನಂತರ 7 ಗಂಟೆ ಅರ್ಧ ಬೆಳಕು ಇರಲಿ. ಮೊದಲಿನದು 60, ಎರಡನೆಯದು 42, ಒಟ್ಟು 102. ಮೂರು ರಾತ್ರಿಗೆ 306. ನೋಡಿ, ಖರ್ಚಿಲ್ಲದೆ ಒಂದು ರಾತ್ರಿ ಉಳಿಯಿತು. ಯಾರಾದರೂ ಬಂದಾಗ ತಾನಾಗಿ ಪೂರ್ತಿ ಬೆಳಗುವ ಸಂವೇದಕವನ್ನೂ ಹಾಕಬಹುದು. ರಂಜಾನಿನಲ್ಲಿ ಸಹರಿಗೆಂದು ಹಾಸ್ಟೆಲಿನಿಂದ ಊಟದ ಮನೆಗೆ ನಡೆಯುವ ಮಕ್ಕಳಿಗೆ ಅದು ಅನುಕೂಲ.

ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ನಮ್ಮ ಅಕ್ಷಾಂಶ ಸುಮಾರು 12.7 ಡಿಗ್ರಿ, ಫಲಕದ ಓರೆಯೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಸಾಕು. ಐದಾರು ಮೀಟರ್ ಎತ್ತರದ ಕಂಬಗಳನ್ನು ಸುಮಾರು 20 ಮೀಟರಿಗೆ ಒಂದರಂತೆ ನಿಲ್ಲಿಸಿದರೆ 600 ಮೀಟರ್ ದಾರಿಗೆ 31 ಕಂಬ ಬೇಕು.

ಈಗ ಒಂದು ನಿಷ್ಠುರ ಸತ್ಯ ಹೇಳುತ್ತೇನೆ. ‘ಸೋಲಾರ್ ಹಾಕಿದರೆ ಕರೆಂಟ್ ಬಿಲ್ಲು ಭಾರಿ ಉಳಿಯುತ್ತದೆ’ ಎಂದು ಹೇಳಿ ಯಾರಿಗೂ ಮನವಿ ಕೊಡಬೇಡಿ. ಆ 31 ದೀಪಗಳನ್ನು ತಂತಿಯ ಕರೆಂಟಿನಲ್ಲಿ ಉರಿಸಿದರೂ ರಾತ್ರಿಗೆ ನಾಲ್ಕೂವರೆ ಯೂನಿಟ್ಟೂ ಆಗುವುದಿಲ್ಲ. ಹಳೆಯ 150 ವ್ಯಾಟಿನ ಸೋಡಿಯಂ ದೀಪವಾಗಿದ್ದರೆ ಸುಮಾರು 56 ಯೂನಿಟ್ ಆಗುತ್ತಿತ್ತು. ಅಷ್ಟು ಉಳಿಸಿದ್ದು ಎಲ್‌ಇಡಿ, ಸೂರ್ಯನಲ್ಲ. ಸೂರ್ಯನ ದೀಪದ ನಿಜವಾದ ಲಾಭ ಬೇರೆ ಇದೆ. ಅದಕ್ಕೆ ನೆಲ ಅಗೆದು ಕೇಬಲ್ ಹಾಕಬೇಕಿಲ್ಲ, ಮರದ ಬೇರು ಕಡಿಯಬೇಕಿಲ್ಲ. ಒಂದು ಕಡೆ ಕೇಬಲ್ ಸುಟ್ಟರೆ ಇಡೀ ಸಾಲು ಆರುವುದಿಲ್ಲ. ಮಳೆಗಾಳಿಗೆ ಬೆಸ್ಕಾಂ ಲೈನು ಹೋದಾಗಲೂ ದಾರಿ ಕಾಣುತ್ತದೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರನ್ನು ಕೇಳಿ, ಕರೆಂಟು ಹೋದರೆ ಯಂತ್ರವೂ ನಿಂತಿತು, ಕೂಲಿಯೂ ನಿಂತಿತು ಎನ್ನುತ್ತಾರೆ. ಕತ್ತಲ ದಾರಿಯ ಮಧ್ಯೆ ನಡೆಯುತ್ತಿರುವಾಗ ಕರೆಂಟು ಹೋದರೆ ಏನಾಗುತ್ತದೆಂದು ನಮ್ಮ ಹೆಣ್ಣುಮಕ್ಕಳನ್ನು ಕೇಳಿ.

ಆದ್ದರಿಂದ ಎಲ್ಲಾ ಕಡೆಯೂ ಒಂಟಿ ಸೋಲಾರ್ ಕಂಬವೇ ಬೇಕೆಂದು ಹಟ ಹಿಡಿಯಬಾರದು. ತಂತಿ ಇರುವ ಮುಖ್ಯ ರಸ್ತೆಯಲ್ಲಿ ಎಲ್‌ಇಡಿ ಹಾಕಿ, ಕಟ್ಟಡದ ತಾರಸಿಯಲ್ಲಿ ಸೋಲಾರ್ ಫಲಕ ಕೂರಿಸಿ ಆ ಲೆಕ್ಕ ಸರಿದೂಗಿಸಲಿ. ತಂತಿ ಹೋಗದ ಕಾಲುದಾರಿ, ಬಸ್ ನಿಲ್ದಾಣದ ತಿರುವು, ಹಾಸ್ಟೆಲಿನ ಹಿಂಭಾಗ, ಇಲ್ಲಿಗೆ ಒಂಟಿ ಕಂಬ ಬರಲಿ.

ಸತ್ತ ದೀಪಗಳಿಂದ ಕಲಿಯುವ ಪಾಠ

ನಾನು ವಾಸಿಸುವ ಬೀದಿಯ ಮೂಲೆಯಲ್ಲಿ ಒಂದು ಸೋಲಾರ್ ದೀಪವಿದೆ. ಉದ್ಘಾಟನೆಯ ದಿನ ಹಾರ ಹಾಕಿದರು, ಫೋಟೋ ತೆಗೆದರು. ಎರಡು ವರ್ಷ ಚೆನ್ನಾಗಿ ಉರಿಯಿತು. ಆಮೇಲೆ ಪಕ್ಕದ ಹೊಂಗೆಮರ ಬೆಳೆದು ಫಲಕದ ಮೇಲೆ ನೆರಳು ಚಾಚಿತು. ಬ್ಯಾಟರಿ ಅರೆಹೊಟ್ಟೆಯಲ್ಲೇ ದುಡಿದು ಸತ್ತಿತು. ಒಂದು ಬೆಳಿಗ್ಗೆ ನೋಡಿದರೆ ಸೀಸದ ಆಸೆಗೆ ಬ್ಯಾಟರಿಯನ್ನೇ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಈಗ ಕಂಬಕ್ಕೆ ಬ್ಯಾನರ್ ಕಟ್ಟುತ್ತಾರೆ.

ಸೋಲಾರ್ ದೀಪ ಸಾಯುವುದು ಬಹುಮಟ್ಟಿಗೆ ಇದೇ ನಾಲ್ಕು ಕಾರಣಗಳಿಂದ: ನೆರಳು, ಧೂಳು, ಬ್ಯಾಟರಿ, ವಾರಸುದಾರ ಇಲ್ಲದಿರುವುದು. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಹಳೆಯ ಸೀಸದ ಬ್ಯಾಟರಿ ಮೂರರಿಂದ ಐದು ವರ್ಷ. ಈಗ ಬರುತ್ತಿರುವ ಲಿಥಿಯಂ ಬ್ಯಾಟರಿ ಅದಕ್ಕಿಂತ ಹೆಚ್ಚು ಬಾಳುತ್ತದೆ, ಕಂಬದ ಮೇಲ್ಭಾಗದಲ್ಲೇ ಇರುವುದರಿಂದ ಕಳ್ಳತನವೂ ಕಡಿಮೆ. ಆದರೂ ಅದನ್ನೂ ಒಂದು ದಿನ ಬದಲಾಯಿಸಲೇಬೇಕು. ಕಂಬ ನಿಲ್ಲಿಸುವ ದಿನವೇ ಮುಂದಿನ ಬ್ಯಾಟರಿಯ ಹಣ ಯಾರು ಕೊಡುತ್ತಾರೆಂದು ಬರೆದಿಡದಿದ್ದರೆ, ನಾವು ನಿಲ್ಲಿಸುತ್ತಿರುವುದು ಐದು ವರ್ಷದ ನಂತರದ ಬ್ಯಾನರ್ ಕಂಬ.

ಈ ವಿಷಯದಲ್ಲಿ ನಮ್ಮ ನಾಡಿನ ಹರೀಶ್ ಹಂದೆಯವರ ಕೆಲಸ ನೆನಪಾಗುತ್ತದೆ. 1995ರಲ್ಲಿ ಅವರು ಸೆಲ್ಕೋ ಸಂಸ್ಥೆ ಕಟ್ಟಿ ಬಡವರ ಮನೆಗೆ ಸೋಲಾರ್ ದೀಪ ತಲುಪಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ದೀಪವನ್ನು ಪುಕ್ಕಟೆ ಹಂಚಲಿಲ್ಲ. ಬ್ಯಾಂಕಿನ ಸಾಲ ಕೊಡಿಸಿ, ದುಡಿಮೆಗೆ ತಕ್ಕ ಕಂತು ಮಾಡಿ, ರಿಪೇರಿಗೆ ಹತ್ತಿರದಲ್ಲೇ ಜನ ಇಟ್ಟರು. ತನ್ನದೆಂದು ತಿಳಿದ ದೀಪವನ್ನು ಜನ ಕಾಪಾಡಿಕೊಳ್ಳುತ್ತಾರೆ.

ಇನ್ನೊಂದು ಎಚ್ಚರಿಕೆ. ನಮ್ಮದು ಬೆಟ್ಟಗುಡ್ಡಗಳ ಜಿಲ್ಲೆ. ರಾಮದೇವರ ಬೆಟ್ಟದಲ್ಲಿ 2012ರಲ್ಲಿ ಘೋಷಣೆಯಾದ ರಣಹದ್ದುಗಳ ಧಾಮವಿದೆ, ಬಂಡೆಗಳ ನಡುವೆ ಚಿರತೆಗಳಿವೆ. ಹಾವು ತುಳಿಯದಂತೆ ದಾರಿ ಕಾಣಬೇಕು ನಿಜ, ಆದರೆ ಬೆಳಕನ್ನು ಆಕಾಶಕ್ಕೂ ಬೆಟ್ಟಕ್ಕೂ ಚೆಲ್ಲಬೇಕಾಗಿಲ್ಲ. ದೀಪ ನೆಲಕ್ಕೆ ಮುಖ ಮಾಡಿರಲಿ, ಕಣ್ಣು ಕುಕ್ಕುವ ನೀಲಿ ಬಿಳುಪಿನ ಬದಲು ಸ್ವಲ್ಪ ಹಳದಿ ಛಾಯೆಯದಾಗಿರಲಿ. ಅಲ್ಲಾಹನ ಇತರ ಜೀವಿಗಳಿಗೂ ರಾತ್ರಿ ಬೇಕು.

ನಾವೇನು ಮಾಡಬಹುದು?

ಭಾಷಣ ಕೇಳಿ ಮನೆಗೆ ಹೋಗುವುದು ಸುಲಭ. ಹಾಗಾಗದಿರಲೆಂದು ಐದು ಕೆಲಸಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಕತ್ತಲ ನಡಿಗೆ. ವಿಶ್ವವಿದ್ಯಾಲಯಗಳಲ್ಲಿ, ಸ್ನಾತಕೋತ್ತರ ಕೇಂದ್ರಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳು ಐದಾರು ಜನ ಗುಂಪಾಗಿ, ಮಗ್ರಿಬ್ ಆದ ಒಂದು ಗಂಟೆಯ ನಂತರ, ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದುಕೊಂಡು ಆವರಣದಲ್ಲಿ ನಡೆಯಲಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಎಷ್ಟು ಕಂಬ ಇದೆ, ಎಷ್ಟು ಉರಿಯುತ್ತಿದೆ, ಎಲ್ಲಿ ಎದುರು ಬರುವವರ ಮುಖ ಕಾಣುವುದಿಲ್ಲ ಎಂದು ಬರೆದುಕೊಳ್ಳಲಿ. ಇದರಲ್ಲಿ ಎಲ್ಲ ಜಾತಿ ಧರ್ಮದ ಸಹಪಾಠಿಗಳೂ ಸೇರಲಿ. ಕತ್ತಲೆ ಯಾರ ಧರ್ಮವನ್ನೂ ಕೇಳುವುದಿಲ್ಲ, ದೀಪವೂ ಕೇಳಬಾರದು.

ಎರಡನೆಯದು, ಮನವಿ. ಆ ಪಟ್ಟಿಯನ್ನು ಕುಲಸಚಿವರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಎಷ್ಟು ದೀಪಗಳಿವೆ, ಎಷ್ಟು ಕೆಟ್ಟಿವೆ, ನಿರ್ವಹಣೆಗೆ ಎಷ್ಟು ಹಣ ಖರ್ಚಾಗಿದೆ ಎಂದು ವಿನಯದಿಂದ ಕೇಳಿ. ಜಗಳ ಬೇಡ, ಅಂಕಿ ಸಾಕು.

ಮೂರನೆಯದು, ಹಣದ ದಾರಿ. 1993ರಿಂದ ಜಾರಿಯಲ್ಲಿರುವ ಸಂಸದರ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಸೋಲಾರ್ ಬೀದಿದೀಪಕ್ಕೆ ಅವಕಾಶವಿದೆ. ನವೀಕರಿಸಬಹುದಾದ ಇಂಧನದ ಕೆಲಸಕ್ಕೆಂದೇ ರಾಜ್ಯದಲ್ಲಿ ಕ್ರೆಡಲ್ ಸಂಸ್ಥೆ ಇದೆ. ಹಳೆಯ ವಿದ್ಯಾರ್ಥಿಗಳಿದ್ದಾರೆ. ಮೂರು ಕಡೆಯಿಂದ ಕೊಟೇಷನ್ ತರಿಸಿ, ಐದು ವರ್ಷದ ನಿರ್ವಹಣೆಯ ಕರಾರು ಇಲ್ಲದ ಯಾವ ಕೊಟೇಷನ್ನನ್ನೂ ಒಪ್ಪಬೇಡಿ.

ನಾಲ್ಕನೆಯದು, ಕೈಕೆಲಸ. ಐಟಿಐ, ಡಿಪ್ಲೊಮಾ ಓದುತ್ತಿರುವ ನಮ್ಮ ಹುಡುಗರೇ, ನಿಮಗೆ ಇಲ್ಲಿ ಅನ್ನದ ದಾರಿಯೂ ಇದೆ. ಫಲಕ ಒರೆಸುವುದು, ಕೊಂಬೆ ಸವರುವುದು, ಬ್ಯಾಟರಿ ಪರೀಕ್ಷಿಸುವುದು, ನಿಯಂತ್ರಕ ಬದಲಾಯಿಸುವುದು ಕಲಿತರೆ ನಾಲ್ಕು ತಾಲ್ಲೂಕುಗಳಲ್ಲೂ ಕೆಲಸವಿದೆ. ಚನ್ನಪಟ್ಟಣದಲ್ಲಿ ಅರಗು ಹಚ್ಚುವ ಕೈಗೆ, ರಾಮನಗರದಲ್ಲಿ ಕಣ್ಣಿಗೆ ಕಾಣದ ರೇಷ್ಮೆ ಎಳೆ ಹಿಡಿಯುವ ಕೈಗೆ ಇದು ಕಷ್ಟದ ವಿದ್ಯೆಯಲ್ಲ.

ಐದನೆಯದು, ನಮ್ಮ ಮನೆಯಿಂದಲೇ ಆರಂಭ. ವಿಶ್ವವಿದ್ಯಾಲಯಕ್ಕೆ ಬುದ್ಧಿ ಹೇಳುವ ಮೊದಲು ನಮ್ಮ ಸಂಘದ ಶಾಲೆಯ ಗೇಟು, ಹಾಸ್ಟೆಲಿನ ತಿರುವು ಬೆಳಗಬೇಕು. ಮೂರೇ ಮೂರು ಕಂಬ ಸಾಕು. ಸಂಘದ ಸದಸ್ಯರು ಇದನ್ನು ಸದಕಾ ಜಾರಿಯಾ ಎಂದು ಭಾವಿಸಿ ನಿಲ್ಲಿಸಲಿ. ಬ್ಯಾಟರಿಗೆಂದು ಪ್ರತಿ ತಿಂಗಳು ಸ್ವಲ್ಪ ಹಣ ಬೇರೆ ಎತ್ತಿಡಲಿ. ಕಂಬದ ಮೇಲೆ ದಾನಿಯ ಹೆಸರಿಗಿಂತ ದೊಡ್ಡದಾಗಿ, ದೀಪ ಕೆಟ್ಟರೆ ಯಾರಿಗೆ ಹೇಳಬೇಕು ಎಂಬುದನ್ನು ಬರೆಸಲಿ.

ಸಹೋದರ ಸಹೋದರಿಯರೇ, 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆ ಆರಂಭಿಸಿದಾಗ ನಮ್ಮ ಸಮುದಾಯದ ಮುಂದಿದ್ದ ಪ್ರಶ್ನೆ, ಮಕ್ಕಳನ್ನು ಕಾಲೇಜಿಗೆ ಕಳಿಸುವುದು ಹೇಗೆ ಎಂಬುದು. ಆ ತಲೆಮಾರು ಅದಕ್ಕೆ ಉತ್ತರ ಕೊಟ್ಟಿತು. ಇಂದು ನಮ್ಮ ಹೆಣ್ಣುಮಕ್ಕಳು ಕಾಲೇಜು ದಾಟಿ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದಿದ್ದಾರೆ. ಅವರು ಅಲ್ಲಿಂದ ಸುರಕ್ಷಿತವಾಗಿ ಮನೆಗೆ ಬಂದು, ಮರುದಿನ ಮತ್ತೆ ಧೈರ್ಯವಾಗಿ ಹೋಗುವಂತೆ ಮಾಡುವುದು ನಮ್ಮ ತಲೆಮಾರಿನ ಪಾಲು.

ನನ್ನ ಆ ವಿದ್ಯಾರ್ಥಿನಿ ಈಗ ಒಂದು ನರ್ಸರಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾಳೆ. ಒಳ್ಳೆಯ ಕೆಲಸವೇ. ಆದರೆ ಸಿಕ್ಕಾಗಲೆಲ್ಲ, “ಮುಂದಿನ ವರ್ಷ ಮತ್ತೆ ಸೇರಬಹುದಾ ಟೀಚರ್?” ಎಂದು ಕೇಳುತ್ತಾಳೆ. ಅವಳ ತಂದೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅವಳ ಪ್ರಶ್ನೆಗೂ ನಾನು ಉತ್ತರಿಸಲಾರೆ. ಇದನ್ನು ಓದುತ್ತಿರುವ ನೀವು ನಿಮ್ಮ ಮಗಳೋ, ತಂಗಿಯೋ ಓದುತ್ತಿರುವ ಕಾಲೇಜಿಗೆ ಈ ವಾರ ಒಮ್ಮ ಏಳೂವರೆಗೆ ಹೋಗಿ ನೋಡಿ ಬನ್ನಿ. ಆ ದಾರಿಯಲ್ಲಿ ದೀಪ ಉರಿಯುತ್ತದೆಯಾ?

 

ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.